ಸೋಲಿನ ಹೊಣೆ, ಸೋಲಿನ ತನಿಖೆ: ಸತೀಶ್ ಧವನ್ ಅವರ ನಾಯಕತ್ವ ಕುರಿತು ಒಂದು ಟಿಪ್ಪಣಿ

1979ರ ಆಗಸ್ಟ್ 10ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಮೇಲೆದ್ದ ಎಸ್‌ಎಲ್‌ವಿ-3 ರಾಕೆಟ್ ಐದು ನಿಮಿಷ ದಾಟಿದ ಸ್ವಲ್ಪ ಹೊತ್ತಿಗೆ ಬಂಗಾಳ ಕೊಲ್ಲಿಯ ಪಾಲಾಯಿತು. ಅಂದು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಯನ್ನು ಅವರು ಯೋಜನಾ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ಬಿಟ್ಟುಕೊಟ್ಟರು. ಶಾಲಾ ವಾರ್ಷಿಕೋತ್ಸವದ ಭಾಷಣದಿಂದ ಹಿಡಿದು ಕಂಪನಿಗಳ ತರಬೇತಿ ಶಿಬಿರದವರೆಗೆ ಈ ಪ್ರಸಂಗ ಇವತ್ತಿಗೂ ಓಡಾಡುತ್ತಿದೆ. ಎಲ್ಲ ಕಡೆಯೂ ಅದನ್ನು ಹೇಳುವುದು ಒಬ್ಬ ದೊಡ್ಡ ಮನುಷ್ಯರ ಔದಾರ್ಯದ ಕಥೆಯಾಗಿ. ಅದು ನಮ್ಮವರೆಗೆ ಬಂದಿರುವುದು ಮುಖ್ಯವಾಗಿ ಕಲಾಂ ಅವರ ನೆನಪಿನ ಮೂಲಕ. ತಮ್ಮ ಬೆನ್ನಿಗೆ ನಿಂತ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುವಾಗ ಔದಾರ್ಯವೇ ಮುಂದೆ ಬಂದು ನಿಲ್ಲುವುದು ಸಹಜ.

ಔದಾರ್ಯ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪ್ರಸಂಗವನ್ನು ಅಷ್ಟಕ್ಕೇ ನಿಲ್ಲಿಸಿದರೆ ಅದರಿಂದ ಒಂದು ಸಂಸ್ಥೆ ಕಲಿಯಬಹುದಾದದ್ದು ಬಹಳ ಕಡಿಮೆ. ಒಂದು ಕೆಲಸ ಸೋತಾಗ ಯಾವ ಕಚೇರಿಯಲ್ಲಾದರೂ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ: ಏನು ಕೆಟ್ಟಿತು, ಯಾರು ಕೆಡಿಸಿದರು. ಎರಡನೆಯದಕ್ಕೆ ಉತ್ತರ ಹುಡುಕುವ ಭರದಲ್ಲಿ ಮೊದಲನೆಯದು ಮುಚ್ಚಿಹೋಗುತ್ತದೆ. ಕಡತಗಳು ಗೊತ್ತಿರುವುದನ್ನು ಹೇಳುವುದಕ್ಕಿಂತ ಹೆಸರನ್ನು ಉಳಿಸಿಕೊಳ್ಳುವುದಕ್ಕಾಗಿ ಬರೆಯಲ್ಪಡುತ್ತವೆ. ಧವನ್ ಮಾಡಿದ್ದು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮೇಜಿಗೆ ಕಳಿಸುವ ಏರ್ಪಾಡು. ಯಾರದು ಹೊಣೆ ಎಂಬ ಪ್ರಶ್ನೆಯನ್ನು ಅಧ್ಯಕ್ಷರು ತಮ್ಮ ಬಳಿಯೇ ಇಟ್ಟುಕೊಂಡರು. ಏನು ಕೆಟ್ಟಿತು ಎಂಬುದನ್ನು ಎಂಜಿನಿಯರುಗಳ ಪರಿಶೀಲನೆಗೆ ಒಪ್ಪಿಸಿದರು. ಪತ್ರಿಕಾಗೋಷ್ಠಿ ಈ ಏರ್ಪಾಡಿನ ಹೊರಗೆ ಕಂಡ ಭಾಗ ಮಾತ್ರ ಎಂಬುದು ಈ ಟಿಪ್ಪಣಿಯ ವಾದ.

ಧವನ್ ಅಧಿಕಾರಕ್ಕೆ ಬಂದ ಸಂದರ್ಭವನ್ನು ಇಲ್ಲಿ ನೆನೆಯಬೇಕು. ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ತುಂಬಾದಲ್ಲಿ 1963ರಲ್ಲಿ ಮೊದಲ ಶೋಧ ರಾಕೆಟ್ ಹಾರಿಸಿದಾಗಿನಿಂದ ಬಾಹ್ಯಾಕಾಶ ಕಾರ್ಯಕ್ರಮ ನಡೆದದ್ದು ಬಹುಮಟ್ಟಿಗೆ ಅವರ ವೈಯಕ್ತಿಕ ವಿಶ್ವಾಸದ ಬಲದಲ್ಲಿ. ಪ್ರತಿಭಾವಂತ ತರುಣರನ್ನು ಆರಿಸಿ, ಸಣ್ಣ ಸಣ್ಣ ತಂಡ ಕಟ್ಟಿ, ಎಲ್ಲರ ಜೊತೆಗೂ ನೇರವಾಗಿ ಮಾತಾಡಿ ಕೆಲಸ ಮಾಡಿಸುವ ರೀತಿ ಅದು. ಅವರು ಹೋದ ಮೇಲೆ ತಂಡಗಳು ಉಳಿದವು, ನಡುವಿನ ಕೊಂಡಿ ಉಳಿಯಲಿಲ್ಲ. ಎಂ.ಜಿ.ಕೆ. ಮೆನನ್ ಕೆಲವು ತಿಂಗಳು ಹೊಣೆ ಹೊತ್ತರು. ಆ ಹೊತ್ತಿಗೆ ಧವನ್ ತಾವು ಪಿಎಚ್.ಡಿ. ಮಾಡಿದ್ದ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಅಧ್ಯಯನ ರಜೆಯ ಮೇಲಿದ್ದರು. ಕರೆ ಬಂದಾಗ ಎರಡು ಷರತ್ತು ಮುಂದಿಟ್ಟರು: ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡಕ್ಕೂ ಸರ್ಕಾರ ಒಪ್ಪಿತು. 1972ರಲ್ಲಿ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆ ಎರಡೂ ರೂಪುಗೊಂಡವು. ಕಚೇರಿ ಕೆಂಪೇಗೌಡ ರಸ್ತೆಯ ಕಾವೇರಿ ಭವನಕ್ಕೆ ಬಂತು.

ಎರಡನೆಯ ಷರತ್ತನ್ನು ಓದುಗರು ಬೇಗ ದಾಟಿಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲಿ ಅಲ್ಲಿದೆ. 1951ರಲ್ಲಿ ಸಂಸ್ಥೆಗೆ ಸೇರಿ 1962ರಲ್ಲಿ ನಿರ್ದೇಶಕರಾದ ಧವನ್ ಮೂಲತಃ ದ್ರವಚಲನ ಶಾಸ್ತ್ರದ ಸಂಶೋಧಕರು. ನಯವಾದ ಹರಿವು ಕಲಕಿದ ಹರಿವಾಗಿ ಮಾರ್ಪಡುವ ಘಟ್ಟದ ಬಗ್ಗೆ ಅವರು ತಮ್ಮ ವಿದ್ಯಾರ್ಥಿ ರೊದ್ದಂ ನರಸಿಂಹ ಅವರ ಜೊತೆ 1958ರಲ್ಲಿ ಪ್ರಕಟಿಸಿದ ಲೇಖನ ಆ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಸಂಶೋಧನಾಲಯದಲ್ಲಿ ಪ್ರಯೋಗ ಕೈಕೊಡುವುದು ದಿನನಿತ್ಯದ ಸಂಗತಿ. ಅಲ್ಲಿ ವಿದ್ಯಾರ್ಥಿ ಪ್ರಾಧ್ಯಾಪಕರ ಲೆಕ್ಕದಲ್ಲಿ ತಪ್ಪು ತೋರಿಸಿದರೆ ಅದು ಅವಿಧೇಯತೆ ಆಗುವುದಿಲ್ಲ; ಸೆಮಿನಾರ್ ಕೋಣೆಯಲ್ಲಿ ಹುದ್ದೆಗೆ ಬೆಲೆ ಕಡಿಮೆ. ಸರ್ಕಾರಿ ಇಲಾಖೆಯಲ್ಲಿ ಇದು ತಲೆಕೆಳಗು. ಇಲಾಖೆಯ ಕಾರ್ಯದರ್ಶಿ ಸ್ಥಾನದಲ್ಲಿ ಕೂತ ವ್ಯಕ್ತಿ ದಿನದ ಇನ್ನೊಂದು ಪಾಲನ್ನು ಅದೇ ಊರಿನ ಕ್ಯಾಂಪಸ್ಸಿನಲ್ಲಿ ಕಳೆಯುತ್ತಿದ್ದರಿಂದ ಸೆಮಿನಾರ್ ಕೋಣೆಯ ರೂಢಿ ಇಲಾಖೆಯೊಳಕ್ಕೆ ನಡೆದುಬರಲು ದಾರಿಯಾಯಿತು.

ಆ ರೂಢಿಯ ಹೆಸರು ಇಸ್ರೋದಲ್ಲಿ ‘ರಿವ್ಯೂ’. ವಿನ್ಯಾಸ ಆದ ಮೇಲೆ ರಿವ್ಯೂ, ಭಾಗಗಳ ಪರೀಕ್ಷೆ ಆದ ಮೇಲೆ ರಿವ್ಯೂ, ಉಡಾವಣೆಗೆ ಮುನ್ನ ರಿವ್ಯೂ, ಸೋತರೆ ಮತ್ತೆ ರಿವ್ಯೂ. ಆ ಭಾಗವನ್ನು ತಯಾರಿಸಿದವರ ಜೊತೆಗೆ ಅದರಲ್ಲಿ ಕೈಯಾಡಿಸದ, ಆದರೆ ವಿಷಯ ಬಲ್ಲ ಹೊರಗಿನವರೂ ಕೂರುತ್ತಾರೆ; ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಇತರ ಪ್ರಯೋಗಾಲಯಗಳ ತಜ್ಞರು ಹೀಗೆ ಬಂದವರು. ಅಲ್ಲಿ ಹೇಳಬೇಕಾದದ್ದು ಅಂಕಿಅಂಶ, ತೋರಿಸಬೇಕಾದದ್ದು ದಾಖಲೆ. ಇದನ್ನು ಧವನ್ ಒಬ್ಬರೇ ಕಂಡುಹಿಡಿದರೆಂದು ಹೇಳಲಾಗದು. ದೊಡ್ಡ ಎಂಜಿನಿಯರಿಂಗ್ ಯೋಜನೆಗಳಲ್ಲಿ ಇಂಥ ಕ್ರಮ ಹೊರದೇಶಗಳಲ್ಲಿ ಆಗಲೇ ಇತ್ತು. ಇಲ್ಲಿ ಹೊಸತಾದದ್ದು ಅದನ್ನು ಒಂದು ಭಾರತೀಯ ಇಲಾಖೆಯ ಒಳಗೆ, ಬಡ್ತಿ ಮತ್ತು ಗೋಪ್ಯ ವರದಿಗಳ ಲೋಕದಲ್ಲಿ, ಬೇರೂರುವಂತೆ ಮಾಡಿದ್ದು.

1979ರ ವೈಫಲ್ಯವನ್ನು ಈ ಹಿನ್ನೆಲೆಯಲ್ಲಿ ಹತ್ತಿರದಿಂದ ನೋಡೋಣ. ನಾಲ್ಕು ಹಂತದ, ಸುಮಾರು 17 ಟನ್ ತೂಕದ, ಘನ ಇಂಧನದ ಆ ರಾಕೆಟ್ಟಿನ ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೇ ಹಂತದಲ್ಲಿ ರಾಕೆಟ್ಟಿನ ದಿಕ್ಕು ಹಿಡಿದಿಡುವ ನಿಯಂತ್ರಣ ವ್ಯವಸ್ಥೆಗೆ ನೈಟ್ರಿಕ್ ಆಮ್ಲ ಬೇಕಿತ್ತು. ಒಂದು ಕವಾಟ ಮುಚ್ಚಿಕೊಳ್ಳದೆ ಉಳಿದದ್ದರಿಂದ ಆಮ್ಲ ಮೊದಲೇ ಸೋರಿಹೋಗಿತ್ತು. ನಿಯಂತ್ರಣ ಕೈತಪ್ಪಿದ ರಾಕೆಟ್ 317ನೇ ಸೆಕೆಂಡಿಗೆ ಸಮುದ್ರ ಸೇರಿತು. ಕವಾಟದಲ್ಲಿ ಸೇರಿಕೊಂಡ ಕೊಳೆಯಂಥ ಅಲ್ಪ ಕಾರಣ ವರ್ಷಗಟ್ಟಲೆಯ ದುಡಿಮೆಯನ್ನು ಮುಳುಗಿಸಿತು. ಇಂಥ ಕಾರಣ ಬೆಳಕಿಗೆ ಬರಬೇಕಾದರೆ ಕವಾಟ ಜೋಡಿಸಿದವನಿಂದ ಹಿಡಿದು ಉಡಾವಣೆಗೆ ಒಪ್ಪಿಗೆ ಕೊಟ್ಟವರವರೆಗೆ ಎಲ್ಲರೂ ತಾವು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಹೊಣೆ ಯಾರ ತಲೆಗೆ ಬರುತ್ತದೋ ಎಂಬ ಹೆದರಿಕೆ ಇದ್ದ ಕಡೆ ಕವಾಟದ ಕಥೆ ಹೊರಬರುವುದು ಕಷ್ಟ. ಹೊಣೆ ಆಗಲೇ ಅಧ್ಯಕ್ಷರ ತಲೆಯ ಮೇಲೆ ಕೂತಿತ್ತು.

ಇಲ್ಲಿ ಘಟನೆಗಳ ಅನುಕ್ರಮಕ್ಕೆ ಮಹತ್ವವಿದೆ. ಧವನ್ ಪತ್ರಕರ್ತರೆದುರು ಹೊಣೆ ಒಪ್ಪಿಕೊಂಡದ್ದು ವಿಶ್ಲೇಷಣೆ ಮುಗಿದ ಮೇಲೆ ಅಲ್ಲ, ಅದಕ್ಕೂ ಮೊದಲು. ಯಾರ ತಪ್ಪೆಂದು ಅವರಿಗೂ ಇನ್ನೂ ತಿಳಿದಿರಲಿಲ್ಲ. ಹಾಗಾಗಿ ಅದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ತೋರಿದ ಕರುಣೆಯಷ್ಟೇ ಆಗಿರಲಾರದು. ಮುಂದಿನದೂ ಇದಕ್ಕೆ ಹೊಂದುತ್ತದೆ: ಕಲಾಂ ಯೋಜನಾ ನಿರ್ದೇಶಕರಾಗಿಯೇ ಉಳಿದರು, ರಾಕೆಟ್ಟಿನ ಮೂಲ ವಿನ್ಯಾಸ ಬದಲಾಗಲಿಲ್ಲ, ಹನ್ನೊಂದು ತಿಂಗಳಲ್ಲಿ ಎರಡನೇ ಹಾರಾಟ ಗೆದ್ದಿತು. ಅಧಿಕಾರಿಯನ್ನು ಎತ್ತಂಗಡಿ ಮಾಡಿ ಹೊಸಬರನ್ನು ತಂದಿದ್ದರೆ, ಸೋಲಿನಿಂದ ಅತ್ಯಂತ ಹೆಚ್ಚು ಕಲಿತಿದ್ದ ತಲೆಯನ್ನೇ ಕೆಲಸದಿಂದ ಹೊರಗೆ ಹಾಕಿದಂತಾಗುತ್ತಿತ್ತು.

ವಿಜ್ಞಾನ ಸಂಸ್ಥೆಯ ಕಡೆಯೂ ಇದೇ ಮನೋಧರ್ಮ ಕೆಲಸ ಮಾಡಿದ್ದಕ್ಕೆ ಕರ್ನಾಟಕದೊಳಗೇ ಒಂದು ಒಳ್ಳೆಯ ಸಾಕ್ಷ್ಯವಿದೆ. ಅದರ ಬಗ್ಗೆ ಬಾಹ್ಯಾಕಾಶದ ಇತಿಹಾಸಕಾರರು ಹೆಚ್ಚು ಬರೆಯುವುದಿಲ್ಲ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಒಲೆ, ಸಗಣಿ, ಮಣ್ಣಿನ ಇಟ್ಟಿಗೆ ಇವೆಲ್ಲ ಉನ್ನತ ವಿಜ್ಞಾನ ಸಂಸ್ಥೆಯ ಕೆಲಸವೇ ಎಂದು ಕ್ಯಾಂಪಸ್ಸಿನಲ್ಲಿ ಮೂಗು ಮುರಿದವರು ಇದ್ದರು. ನಿರ್ದೇಶಕ ಧವನ್ ಬೆಂಬಲ ಕೊಟ್ಟರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಘಟಕದ ಕ್ಷೇತ್ರ ಕೇಂದ್ರ ಬಂತು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಇಡಬಹುದಾದ ‘ಅಸ್ತ್ರ ಒಲೆ’ ರಾಜ್ಯದ ಎಷ್ಟೋ ಅಡುಗೆಮನೆಗಳನ್ನು ಸೇರಿತು.

ಒಲೆಗಿಂತ ಹೆಚ್ಚಿನ ಪಾಠ ಇರುವುದು ಉಂಗ್ರದ ಹತ್ತಿರದ ಪುರ ಎಂಬ ಸಣ್ಣ ಹಳ್ಳಿಯಲ್ಲಿ. ಊರಿನ ದನಗಳ ಸಗಣಿಯಿಂದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ನಡೆಸಿ ಮನೆಮನೆಗೆ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಯೋಚನೆ. ಅದು ಕೈಗೂಡಲಿಲ್ಲ. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ; ಪುಕ್ಕಟೆ ಆರಿಸಿ ತರುವ ಸೌದೆ ಇರುವಾಗ ಅನಿಲಕ್ಕಾಗಿ ಜನ ಹಾತೊರೆಯಲೂ ಇಲ್ಲ. ಅವರು ಕೇಳುತ್ತಿದ್ದದ್ದು ಕುಡಿಯುವ ನೀರು, ಮನೆಗೆ ದೀಪ. ತಂಡ ತನ್ನ ಯೋಜನೆಯನ್ನೇ ಮುರಿದು ಕಟ್ಟಿತು. 1987ರಿಂದ ಅದೇ ಅನಿಲವನ್ನು ಸ್ವಲ್ಪ ಡೀಸೆಲ್ ಜೊತೆ ಬೆರೆಸಿ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಹೆಂಗಸರು ಸಗಣಿ ತಂದು ತೂಗಿಸಿ, ಕಿಲೋ ಲೆಕ್ಕದಲ್ಲಿ ಅಲ್ಪ ಕೂಲಿ ಪಡೆದು, ಅನಿಲ ತೆಗೆದ ಬಗ್ಗಡವನ್ನು ಗೊಬ್ಬರಕ್ಕೆಂದು ಒಯ್ಯುತ್ತಿದ್ದರು. ಸುಮಾರು ಒಂದು ದಶಕ ನಡೆದು ಆ ವ್ಯವಸ್ಥೆ ನಿಂತಿತು. ರೆಡ್ಡಿ ಅದನ್ನು ಮರೆಮಾಚಲಿಲ್ಲ. ಪುರದಿಂದ ಕಲಿತ ಪಾಠಗಳನ್ನು ಕುರಿತು 2004ರಲ್ಲಿ ಒಂದು ದೀರ್ಘ ಲೇಖನವನ್ನೇ ಪ್ರಕಟಿಸಿದರು. ತಾನು ಕಟ್ಟಿದ್ದು ಯಾಕೆ ನಿಂತಿತೆಂದು ಕಟ್ಟಿದವರೇ ಬಿಡಿಸಿ ಬರೆಯುವುದು ನಮ್ಮ ಅಭಿವೃದ್ಧಿ ಸಾಹಿತ್ಯದಲ್ಲಿ ಅಪರೂಪ. ಪುರದ ಕೆಲಸಕ್ಕೆ ಧವನ್ ನೇರ ಕಾರಣರಲ್ಲ. 1981ರಲ್ಲೇ ಅವರು ನಿರ್ದೇಶಕ ಸ್ಥಾನ ಬಿಟ್ಟಿದ್ದರು. ಆದರೆ ಇಂಥ ಬರಹ ಸಾಧ್ಯವಾಗುವ ವಾತಾವರಣ ಆ ಕ್ಯಾಂಪಸ್ಸಿನಲ್ಲಿ ಬೆಳೆದದ್ದು ಅವರ ಹತ್ತೊಂಬತ್ತು ವರ್ಷಗಳಲ್ಲಿ.

ಇಸ್ರೋ ಕಡೆಗೆ ಮರಳಿದರೆ, ಅದರ ಉಪಗ್ರಹ ಬೋಧನಾ ಪ್ರಯೋಗ ‘ಸೈಟ್’ ಬಗ್ಗೆ ಸಾಕಷ್ಟು ಬರಹಗಳಿರುವುದರಿಂದ ನನ್ನ ವಾದಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ನಾಸಾ ಸಂಸ್ಥೆಯ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸಿದ ಪ್ರಯೋಗವಿದು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡದ ಕಾರ್ಯಕ್ರಮಗಳು ಬಂದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಎಂಜಿನಿಯರುಗಳ ಜೊತೆಗೆ ಸಮಾಜ ವಿಜ್ಞಾನಿಗಳೂ ಯೋಜನೆಯಲ್ಲಿದ್ದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರದ ಸಂಶೋಧಕರು ನೆಲೆಸಿ, ಜನ ಏನು ನೋಡಿದರು, ಏನು ಬಿಟ್ಟರು ಎಂದು ಬರೆದಿಟ್ಟರು. ಕವಾಟದ ಸೋರಿಕೆಗೆ ಕೇಳಿದ ಪ್ರಶ್ನೆಯನ್ನೇ ಸಾಮಾಜಿಕ ಯೋಜನೆಗೂ ಕೇಳುವ ಶಿಸ್ತು ಇದು.

ಈ ವಾದಕ್ಕೆ ಮಿತಿ ಹಾಕುವ ಸಂಗತಿಯೊಂದನ್ನು ಹೇಳಲೇಬೇಕು. ಬಾಹ್ಯಾಕಾಶ ಇಲಾಖೆ ನೇರವಾಗಿ ಪ್ರಧಾನಿಯ ಅಧೀನದಲ್ಲಿತ್ತು. ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ, ಇಸ್ರೋದ ಮುಖ್ಯಸ್ಥ, ಈ ಮೂರೂ ಒಬ್ಬರೇ. ಹಣಕಾಸಿನ ನಿರ್ಧಾರಗಳಿಗೂ ಆಯೋಗದ ಮಟ್ಟದಲ್ಲೇ ದಾರಿಯಿತ್ತು. ಹೊಣೆಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕಾದರೆ ಅದನ್ನು ತಡೆದುಕೊಳ್ಳುವ ಬಲ ಬೇಕು. ಧವನ್ ಅವರಿಗೆ ಆ ಬಲವನ್ನು ಕೊಟ್ಟದ್ದು ಈ ರಚನೆ. ಒಂದು ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಿಗೋ ರಾಜ್ಯದ ವಿಶ್ವವಿದ್ಯಾಲಯದ ಕುಲಪತಿಗೋ ಅಂಥ ರಕ್ಷಣೆ ಇಲ್ಲ. ಅವರನ್ನು ಧವನ್ ಜೊತೆ ಹೋಲಿಸಿ ಉಪದೇಶ ಮಾಡುವವರು ಮೊದಲು ಅವರ ಅಧಿಕಾರದ ವ್ಯಾಪ್ತಿಯನ್ನು ಅಳೆಯಬೇಕು. ಇನ್ನೊಂದು ಕಡೆ, ಅದೇ ಬಗೆಯ ಸ್ವಾಯತ್ತತೆ ಪಡೆದ ಸಂಸ್ಥೆಗಳೆಲ್ಲ ತಮ್ಮ ವೈಫಲ್ಯವನ್ನು ಹೀಗೆ ತೆರೆದು ನೋಡಲಿಲ್ಲ. ರಚನೆ ಅವಕಾಶವನ್ನಷ್ಟೇ ಕೊಟ್ಟಿತು. ಅದನ್ನು ಬಳಸಿದ ರೀತಿ ಧವನ್ ಅವರದು.

ಹಾಗಾದರೆ ಇದು ಏರ್ಪಾಡೋ, ವ್ಯಕ್ತಿಯ ಗುಣವೋ? ಪರೀಕ್ಷೆ ಸರಳ: ವ್ಯಕ್ತಿ ಹೋದ ಮೇಲೆ ಅದು ಉಳಿಯಿತೇ ಎಂದು ನೋಡುವುದು. 1984ರಲ್ಲಿ ಧವನ್ ಇಳಿದು ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ಅಧ್ಯಕ್ಷರಾದರು. 1972ರ ಹೊತ್ತಿಗೆ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟುವ ಹೊಣೆ ಪಡೆದಿದ್ದವರು ಅವರು. ಅವರ ಕಾಲದಲ್ಲಿ ಎಎಸ್‌ಎಲ್‌ವಿ ರಾಕೆಟ್ 1987ರ ಮಾರ್ಚ್ 24ರಂದು ಸೋತಿತು, 1988ರ ಜುಲೈ 13ರಂದು ಮತ್ತೆ ಸೋತಿತು. ಸಾರ್ವಜನಿಕ ಒತ್ತಡ 1979ಕ್ಕಿಂತ ಹೆಚ್ಚಿತ್ತು. ಆದರೂ ಆತುರದ ಮೂರನೇ ಹಾರಾಟ ನಡೆಯಲಿಲ್ಲ. ಸುಮಾರು ನಾಲ್ಕು ವರ್ಷ ಕಾದು 1992ರ ಮೇ 20ರಂದು ರಾಕೆಟ್ ಹಾರಿತು, ಗೆದ್ದಿತು. ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರ ಸೆಪ್ಟೆಂಬರ್ 20ರಂದು ವಿಫಲವಾಯಿತು. ಪರಿಶೀಲನೆಯಲ್ಲಿ ಸಿಕ್ಕ ಕಾರಣಗಳಲ್ಲಿ ನಿಯಂತ್ರಣ ತಂತ್ರಾಂಶದ ದೋಷವೂ ಒಂದು. ಯೋಜನಾ ನಿರ್ದೇಶಕ ಜಿ. ಮಾಧವನ್ ನಾಯರ್ ಅವರನ್ನು ಬದಲಿಸಲಿಲ್ಲ. 1994ರ ಅಕ್ಟೋಬರ್ 15ರಂದು ಅವರ ನೇತೃತ್ವದಲ್ಲೇ ಎರಡನೇ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಮುಂದೆ 2003ರಲ್ಲಿ ಅವರೇ ಇಸ್ರೋ ಅಧ್ಯಕ್ಷರಾದರು.