ಮಂಗಳವಾದ ಮೇಲೆ ಮತ್ತೊಂದು ಹಾಡಿಲ್ಲ

ಕಾರ್ಯಕ್ರಮ ಮುಗಿದರೂ ಎದ್ದುಹೋಗದೆ, ‘ವನ್ಸ್ ಮೋರ್’ ಎಂದು ಕೂಗಿ, ಚಪ್ಪಾಳೆಯ ಬಲದಿಂದ ಹಾಡುಗಾರರನ್ನು ಮತ್ತೆ ವೇದಿಕೆಗೆ ಕರೆಸಿಕೊಳ್ಳುವುದು ಒಂದು ರೂಢಿ. ಮಂಗಳ ಹಾಡಿದೊಡನೆ ಹಾಡುವವರೂ ಕೇಳುವವರೂ ಕೈಮುಗಿದು ಏಳುವುದು ಇನ್ನೊಂದು ರೂಢಿ. ತಿರುವನಂತಪುರ ಮತ್ತು ಕೊಚ್ಚಿಯಲ್ಲಿ ಇವೆರಡೂ ನೂರು ವರ್ಷಗಳಿಗೂ ಮೇಲ್ಪಟ್ಟು ಅಕ್ಕಪಕ್ಕದಲ್ಲಿಯೇ ಬಾಳಿಕೊಂಡು ಬಂದಿವೆ. ಮೊದಲನೆಯದರಲ್ಲಿ ಮುಕ್ತಾಯವು ಕೇಳುಗರ ಹಕ್ಕು. ಎರಡನೆಯದರಲ್ಲಿ ಅದು ದೇವರಿಗೆ, ಹೊತ್ತಿಗೆ ಮತ್ತು ಹಾಡಿನ ಸ್ವಂತ ಕಟ್ಟಡಕ್ಕೆ ಸೇರಿದ್ದು. ಹೆಚ್ಚುವರಿ ಹಾಡಿಲ್ಲದೆ ಕಚೇರಿ ಮುಗಿದಾಗ ಅಭಿಮಾನಿಗಳಲ್ಲಿ ಹುಟ್ಟುವ ಬೇಸರವನ್ನು ಕಲಾವಿದರ ಗರ್ವಕ್ಕೋ ಕೇಳುಗರ ಅಶಿಸ್ತಿಗೋ ಕಟ್ಟಿಹಾಕುವುದು ಸುಲಭವಾದರೂ, ಈ ಎರಡು ರೂಢಿಗಳ ಇತಿಹಾಸವನ್ನು ಜೊತೆಗಿಟ್ಟು ನೋಡದೆ ಆ ಬೇಸರದ ಮೂಲ ತಿಳಿಯುವುದಿಲ್ಲ.

ಎರಡನೆಯ ರೂಢಿಯ ಅತ್ಯಂತ ಕಟ್ಟುನಿಟ್ಟಾದ ನೆಲೆಯೆಂದರೆ ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಮಗ್ಗುಲಲ್ಲಿರುವ ನವರಾತ್ರಿ ಮಂಟಪ. ತಿರುವಾಂಕೂರಿನ ರಾಜಧಾನಿಯು 18ನೆಯ ಶತಮಾನದ ಕೊನೆಯಲ್ಲಿ ಪದ್ಮನಾಭಪುರದಿಂದ ತಿರುವನಂತಪುರಕ್ಕೆ ಬಂದ ಮೇಲೆ, ಹಳೆಯ ಅರಮನೆಯ ಸರಸ್ವತಿಯನ್ನು ಪ್ರತಿ ನವರಾತ್ರಿಗೂ ಆನೆಯ ಮೇಲೆ ಹೊಸ ರಾಜಧಾನಿಗೆ ಕರೆತಂದು ಪೂಜಿಸುವ ಪದ್ಧತಿ ಬೆಳೆಯಿತು. ಜೊತೆಗೆ ವೇಳಿಮಲೆಯ ಕುಮಾರಸ್ವಾಮಿಯೂ ಶುಚೀಂದ್ರದ ಮುನ್ನೂಟ್ಟಿ ನಂಗೆಯೂ ಮೆರವಣಿಗೆಯಲ್ಲಿ ಬರುತ್ತಾರೆ. ಪದ್ಮನಾಭಪುರ ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ್ದರೂ ಈ ಮೆರವಣಿಗೆ ನಿಂತಿಲ್ಲ. ರಾಜನೂ ವಾಗ್ಗೇಯಕಾರನೂ ಆಗಿದ್ದ ಸ್ವಾತಿ ತಿರುನಾಳ್ (1813–1846) ಒಂಬತ್ತು ರಾತ್ರಿಗಳಿಗೆಂದು ಒಂಬತ್ತು ಸಂಸ್ಕೃತ ಕೃತಿಗಳನ್ನು ರಚಿಸಿದನು. ಶಂಕರಾಭರಣದಿಂದ ಮೊದಲಾಗಿ ಕಲ್ಯಾಣಿ, ಸಾವೇರಿ, ತೋಡಿ, ಭೈರವಿ, ಪಂತುವರಾಳಿ, ಶುದ್ಧಸಾವೇರಿ, ನಾಟಕುರಂಜಿಗಳನ್ನು ಹಾದು ಆರಭಿಯಲ್ಲಿ ಮುಗಿಯುವ ಈ ಸರಣಿಯಲ್ಲಿ ಯಾವ ರಾತ್ರಿ ಯಾವ ರಾಗ ಪ್ರಧಾನವಾಗಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಹೀಗಾಗಿ ಅಲ್ಲಿ ಹಾಡುವ ವಿದ್ವಾಂಸರಿಗೆ ಆಯ್ಕೆಯ ಅವಕಾಶ ಕಡಿಮೆ. ಕೇಳುಗರಿಗೆ ಅದು ಇಲ್ಲವೇ ಇಲ್ಲ.

ಕಚೇರಿ ಸಂಜೆ 6ಕ್ಕೆ ಆರಂಭವಾಗಿ 8.30ಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲು ಮುಲ್ಲಮೂಡು ಭಾಗವತರೆಂಬ ಪರಂಪರಾಗತ ಗಾಯಕರು ತೋಡಯಮಂಗಳವನ್ನು, ಎಂದರೆ ಆರಂಭದ ಸ್ತುತಿಗಳನ್ನು, ಹಾಡುತ್ತಾರೆ. ಬಳಿಕ ರಾಗದ ವಿಸ್ತಾರವಾದ ಆಲಾಪನೆ, ಅದರ ಬೆನ್ನಿಗೆ ತಾನ, ಅಂದರೆ ವೀಣೆಯ ಮೀಟಿನ ಲಯವನ್ನು ಕಂಠಕ್ಕೆ ತಂದುಕೊಂಡ ಗಾಯನ, ಅನಂತರ ಕೃತಿ ಬರುತ್ತವೆ. ಬೇರೆ ಕಡೆ ತಾನಕ್ಕೆ ಮೃದಂಗ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಇಲ್ಲಿ ಅದೂ ಜೊತೆಗೂಡುತ್ತದೆ. ಎಣ್ಣೆಯ ದೀಪಗಳ ಬೆಳಕು, ದನಿ ಮೊಳಗಲೆಂದು ಮಾಡಿನಿಂದ ಬೋರಲಾಗಿ ತೂಗುಬಿಟ್ಟ ಮಡಕೆಗಳು, ಪಂಚೆಯುಟ್ಟು ಕುಳಿತ ಪುರುಷರು, ಇವೆಲ್ಲವೂ ಅದು ಸಭೆಯಲ್ಲ, ಪೂಜೆಯ ಅಂಗ ಎಂಬುದನ್ನು ಹೇಳುತ್ತವೆ. ಅಲ್ಲಿ ಚಪ್ಪಾಳೆ ನಿಷಿದ್ಧ. ಚಪ್ಪಾಳೆಯೇ ಇಲ್ಲದ ಕಡೆ ಮತ್ತೊಂದು ಹಾಡಿಗೆ ಒತ್ತಾಯಿಸುವ ಸಾಧನವೂ ಇರುವುದಿಲ್ಲ. ಎಷ್ಟೇ ದೊಡ್ಡ ಹೆಸರಿನ ವಿದ್ವಾಂಸರು ಹಾಡಿದರೂ ಮೆಚ್ಚುಗೆಯು ತಲೆದೂಗುವುದರಲ್ಲಿ, ಮುಗಿದಾಗ ಕೈಮುಗಿಯುವುದರಲ್ಲಿ ತೀರುತ್ತದೆ. ಆದರೆ ಈ ಶಿಸ್ತಿನ ಹೆಸರಿನಲ್ಲಿಯೇ ಮಹಿಳೆಯರನ್ನು ಬಹುಕಾಲ ಆ ವೇದಿಕೆಯಿಂದ ದೂರವಿಟ್ಟದ್ದನ್ನು ಮರೆಯುವಂತಿಲ್ಲ. ತಿರುವನಂತಪುರದ ಸ್ವಾತಿ ತಿರುನಾಳ್ ಸಂಗೀತ ಸಂಸ್ಥೆಯ ಮೊದಲ ವಿದ್ಯಾರ್ಥಿನಿಯೂ ಕೊಚ್ಚಿಯ ಅಂಚಿನ ತ್ರಿಪ್ಪೂಣಿತ್ತುರದ ಆರ್‌ಎಲ್‌ವಿ ಕಾಲೇಜಿನ ಮೊದಲ ಮಹಿಳಾ ಪ್ರಾಂಶುಪಾಲರೂ ಆಗಿದ್ದ ಪಾರಶಾಲೆ ಬಿ. ಪೊನ್ನಮ್ಮಾಳ್ ಅವರು 2006ರಲ್ಲಿ ಹಾಡಿದಾಗಲೇ ಮೊದಲ ಬಾರಿಗೆ ಆ ಮಂಟಪದಲ್ಲಿ ಹೆಣ್ಣುದನಿ ಮುಖ್ಯ ದನಿಯಾಯಿತು. ಚಪ್ಪಾಳೆಯಿಲ್ಲದ ನಿಯಮ ಕಲೆಯನ್ನು ಕಾಯ್ದಿತು. ಹೆಣ್ಣಿಲ್ಲದ ನಿಯಮ ಕಲೆಗೆ ನಷ್ಟವನ್ನಷ್ಟೇ ತಂದಿತು.

ಈ ಪರಂಪರೆ ಅರಮನೆಯ ಗೋಡೆ ದಾಟಿ ಸಾರ್ವಜನಿಕ ಕಚೇರಿಗೆ ಸೇರಿದುದರಲ್ಲಿ ಮೈಸೂರಿನ ಪಾಲೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೇ 1939ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಸ್ವಾತಿ ತಿರುನಾಳ್ ಸಂಗೀತ ಸಂಸ್ಥೆಯ ಮೊದಲ ಮುಖ್ಯಸ್ಥರು. ಅವರ ನಂತರ ಆ ಸ್ಥಾನಕ್ಕೆ ಬಂದ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರು ಸ್ವಾತಿ ತಿರುನಾಳ್ ರಚನೆಗಳನ್ನು ದಕ್ಷಿಣದ ಸಭೆಗಳಿಗೆಲ್ಲ ಪರಿಚಯಿಸಿದರು. ಅದೇ ಕಾಲಮಾನದಲ್ಲಿ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರು ನೆಲೆಗೊಳಿಸಿದ ಕಚೇರಿಯ ಕ್ರಮವು ವರ್ಣದಿಂದ ಆರಂಭವಾಗಿ, ಚುರುಕಾದ ಕೃತಿಗಳನ್ನು ದಾಟಿ, ಪ್ರಧಾನ ರಾಗಕ್ಕೆ ಏರಿ, ಕೊನೆಗೆ ತುಕ್ಕಡಗಳೆಂದು ಕರೆಯುವ ಹಗುರ ರಚನೆಗಳಿಗೆ, ಅಂದರೆ ಪದ, ಜಾವಳಿ, ದೇವರನಾಮ, ತಿಲ್ಲಾನಗಳಿಗೆ, ಇಳಿಯುತ್ತದೆ. ಕೇಳುಗರು ಚೀಟಿ ಬರೆದು ಕಳಿಸಿ ಮೆಚ್ಚಿನ ರಚನೆಯನ್ನು ಬೇಡುವುದು ಈ ತುಕ್ಕಡದ ಹೊತ್ತಿನಲ್ಲಿಯೇ. ಮತ್ತೊಂದು ಹಾಡಿನ ಬೇಡಿಕೆಗೆ ಕಚೇರಿಯ ಒಳಗೇ, ಮಂಗಳಕ್ಕೆ ಮುಂಚೆಯೇ ಜಾಗ ಮಾಡಿಕೊಟ್ಟದ್ದು ಈ ಕ್ರಮದ ದೊಡ್ಡ ವಿವೇಕ. ಆದ್ದರಿಂದಲೇ ತ್ಯಾಗರಾಜರ ಸೌರಾಷ್ಟ್ರ ರಾಗದ ಮಂಗಳ ಕೇಳಿಸಿದ ಮೇಲೆ ಹಾಡು ಬೇಡುವುದು ಅನುಚಿತವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಕಾಸರಗೋಡಿನ ಯಕ್ಷಗಾನದಲ್ಲಿಯೂ ಭಾಗವತರು ಮಂಗಳ ಪದ ಹಾಡಿದ ಮೇಲೆ ಆಟ ಮುಂದುವರಿಯುವುದಿಲ್ಲ ಎಂಬುದನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿಲ್ಲ.

ಹಳೆಯ ಕೊಚ್ಚಿ ರಾಜ್ಯದ ಅರಸರ ನೆಲೆಯಾಗಿದ್ದ ತ್ರಿಪ್ಪೂಣಿತ್ತುರದಲ್ಲಿ ಮುಕ್ತಾಯದ ನಿಷ್ಠುರತೆ ಇನ್ನೊಂದು ಬಗೆಯದು. ಅಲ್ಲಿನ ಪೂರ್ಣತ್ರಯೀಶ ದೇವಾಲಯದಲ್ಲಿ ಎಂಟು ದಿನ ನಡೆಯುವ ವೃಶ್ಚಿಕೋತ್ಸವದ ಪಂಚಾರಿ ಮೇಳವು ಚೆಂಡೆ, ತಾಳ, ಕೊಂಬು, ಕುಳಲ್‌ಗಳ ಸಮೂಹವಾದ್ಯ. ಅದರ ಮೊದಲ ಕಾಲದ ತಾಳಾವರ್ತನೆಗೆ 96 ಅಕ್ಷರಗಳು. ಮುಂದಿನ ಕಾಲಗಳಲ್ಲಿ ಅದು 48, 24, 12 ಎಂದು ಅರ್ಧರ್ಧವಾಗಿ ಕುಗ್ಗುತ್ತ ಐದನೆಯ ಕಾಲದಲ್ಲಿ 6 ಅಕ್ಷರಗಳಿಗೆ ನಿಲ್ಲುತ್ತದೆ, ವೇಗ ಅದೇ ಪ್ರಮಾಣದಲ್ಲಿ ಏರುತ್ತದೆ. ಗಂಟೆಗಟ್ಟಲೆ ನಿಂತೇ ಕೇಳುವ ಮೇಳಪ್ರಿಯರು ಕೈಯೆತ್ತಿ, ಬೆರಳು ಕುಣಿಸಿ, ಪ್ರತಿ ಕಾಲದ ಕೊನೆಯ ಕಲಾಶಕ್ಕೆ, ಅಂದರೆ ಮುಕ್ತಾಯದ ವಾದನಕ್ಕೆ, ಉದ್ಗರಿಸುತ್ತಾರೆ. ಮೆಚ್ಚುಗೆ ವಾದನದ ಉದ್ದಕ್ಕೂ ಖರ್ಚಾಗುವುದರಿಂದ ಕೊನೆಗೆ ಕೂಡಿಟ್ಟು ಸುರಿಯಬೇಕಾದದ್ದು ಉಳಿಯುವುದಿಲ್ಲ. ಆರು ಅಕ್ಷರಗಳ ತುದಿ ಮುಟ್ಟಿದ ಮೇಳಕ್ಕೆ ಏರಲು ಮುಂದೆ ಮೆಟ್ಟಿಲೂ ಇಲ್ಲ. ಅದೇ ಉತ್ಸವದಲ್ಲಿ ರಾತ್ರಿಯಿಡೀ ನಡೆಯುವ ಕಥಕಳಿಯೂ ಧನಾಶಿ ಎಂಬ ವಂದನೆಯ ನೃತ್ತದೊಂದಿಗೆ ಮುಗಿಯುತ್ತದೆ.

ಕೇಳುಗರೇ ಮುಕ್ತಾಯವನ್ನು ನಿರ್ಧರಿಸುವ ರೂಢಿ ಬಂದದ್ದು ದೇವಾಲಯದಿಂದಲ್ಲ, ಟಿಕೆಟ್ಟಿನ ರಂಗಭೂಮಿಯಿಂದ. 19ನೆಯ ಶತಮಾನದ ಕೊನೆಯಲ್ಲಿ ತಮಿಳು ನಾಟಕ ಕಂಪನಿಗಳು ತಿರುವಾಂಕೂರು ಮತ್ತು ಕೊಚ್ಚಿಯಲ್ಲಿ ಸಂಚರಿಸಿದ ಪರಿಣಾಮವಾಗಿ ಮಲಯಾಳಂನಲ್ಲಿಯೂ ಸಂಗೀತ ನಾಟಕಗಳು ಹುಟ್ಟಿದವು, ಟಿ.ಸಿ. ಅಚ್ಯುತ ಮೇನೋನ್ ಅವರ ‘ಸಂಗೀತ ನೈಷಧ’ (1892) ಅವುಗಳಲ್ಲಿ ಬಹಳ ಜನಪ್ರಿಯವಾಯಿತು. ಕರ್ನಾಟಕದಲ್ಲಿ ಗುಬ್ಬಿ ಕಂಪನಿಯ ಕಾಲದ ಪ್ರೇಕ್ಷಕರು ‘ವನ್ಸ್ ಮೋರ್’ ಕೂಗಿ ಒಂದೇ ರಂಗಗೀತೆಯನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದ ಹಾಗೆಯೇ, ಕೇರಳದಲ್ಲಿಯೂ ಕಥೆಯ ಓಟಕ್ಕಿಂತ ನಟನ ಕಂಠವೇ ಮೇಲಾಯಿತು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತು ಎಂಬ ಮಾತು ಕಂಪನಿ ರಂಗಭೂಮಿಯ ನೆನಪುಗಳಲ್ಲಿ ಸಾಮಾನ್ಯ. ಕಾಸು ಕೊಟ್ಟು ಒಳಗೆ ಬಂದವರಿಗೆ ಹಾಡು ಪ್ರಸಾದವಾಗಿರಲಿಲ್ಲ. ಅದು ಅವರು ಕೊಂಡದ್ದು.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಹಕ್ಕು ವಿವಾದವಿಲ್ಲದೆ ಉಳಿಯಲಿಲ್ಲ. ಮೊಜಾರ್ಟನ ‘ಫಿಗರೊನ ಮದುವೆ’ ಗೀತನಾಟಕದ ಹಾಡುಗಳನ್ನು ಪ್ರೇಕ್ಷಕರು ಪದೇಪದೇ ಕೇಳಿ ಪ್ರದರ್ಶನ ಬೆಳೆದುಹೋದುದರಿಂದ, ಒಬ್ಬರಿಗಿಂತ ಹೆಚ್ಚು ಮಂದಿ ಹಾಡುವ ಭಾಗಗಳನ್ನು ಪುನಃ ಹಾಡಕೂಡದೆಂದು ಚಕ್ರವರ್ತಿ ಎರಡನೆಯ ಜೋಸೆಫ್ 1786ರಲ್ಲಿ ವಿಯೆನ್ನಾದಲ್ಲಿ ಆಜ್ಞೆ ಮಾಡಿದನು. ಅಮೆರಿಕದಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿ ಮುಗಿಸಿದ ಮೇಲೂ ಶಾಂತರಾಗದ ಜನರಿಗೆ, ಗಾಯಕನು ಕಟ್ಟಡ ಬಿಟ್ಟು ಹೋಗಿಯಾಗಿದೆ ಎಂದು 1956ರಲ್ಲಿ ಘೋಷಿಸಬೇಕಾಯಿತು.

ಎರಡೂ ರೂಢಿಗಳು ಒಂದೇ ಮನೆಯಲ್ಲಿ ಕೂಡಿದ ನಿದರ್ಶನ ಫೋರ್ಟ್ ಕೊಚ್ಚಿಯದು. ಅಲ್ಲಿನ ಆಗಸ್ಟಿನ್ ಜೋಸೆಫ್ ಸಂಗೀತ ನಾಟಕಗಳ ಹೆಸರಾಂತ ನಟ-ಗಾಯಕರಾಗಿದ್ದು, 1950ರ ‘ನಲ್ಲತಂಕ’ ಚಲನಚಿತ್ರದಲ್ಲಿಯೂ ಹಾಡಿ ನಟಿಸಿದರು. 1940ರಲ್ಲಿ ಹುಟ್ಟಿದ ಅವರ ಮಗ ಕೆ.ಜೆ. ಯೇಸುದಾಸ್ ತ್ರಿಪ್ಪೂಣಿತ್ತುರದಲ್ಲಿ ಕಲಿತು, ತಿರುವನಂತಪುರದಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿ, ಮುಂದೆ ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದರು. 1961ರಲ್ಲಿ ಚಲನಚಿತ್ರ ಗಾಯನಕ್ಕೂ ಕಾಲಿಟ್ಟರು. ವಾದ್ಯವೃಂದದೊಂದಿಗೆ ಸಿನಿಮಾ ಹಾಡುಗಳನ್ನು ಹಾಡುವ ಗಾನಮೇಳದಲ್ಲಿ ಜನರ ಕೂಗಿಗೆ ಬೆಲೆಯಿದೆ. ಆದರೆ ಅದೇ ಕಂಠ ದೇವಾಲಯದ ಕಚೇರಿಯಲ್ಲಿ, ಹುಟ್ಟುಹಬ್ಬದ ದಿನ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡುವಾಗ ಬೇರೆ ಕಟ್ಟಳೆಗೆ ಒಳಪಡುತ್ತಿತ್ತು. 1975ರ ‘ಸ್ವಾಮಿ ಅಯ್ಯಪ್ಪನ್’ ಚಿತ್ರಕ್ಕೆ ಜಿ. ದೇವರಾಜನ್ ಸಂಗೀತ ನೀಡಿ ಯೇಸುದಾಸ್ ಹಾಡಿದ ‘ಹರಿವರಾಸನಂ’ ಶಬರಿಮಲೆಯಲ್ಲಿ ರಾತ್ರಿ ಗುಡಿಯ ಬಾಗಿಲು ಮುಚ್ಚುವಾಗ ಕೇಳಿಸುತ್ತದೆ. ಅದರ ರಾಗ ಮಧ್ಯಮಾವತಿ, ಹಾಡುವಾಗ ಆದ ಲೋಪಗಳನ್ನು ಸರಿಪಡಿಸುತ್ತದೆಂಬ ನಂಬಿಕೆಯಿಂದ ಕಚೇರಿಯ ಕೊನೆಗೆ ಹಾಡುತ್ತ ಬಂದ ರಾಗ. ಹಾಡು ನಿಂತಿತು, ಬಾಗಿಲು ಮುಚ್ಚಿತು. ಸಾವಿರಾರು ಭಕ್ತರಲ್ಲಿ ಯಾರೂ ಮತ್ತೊಮ್ಮೆ ಎನ್ನುವುದಿಲ್ಲ.

ಇಂದಿನ ಬೇಸರಕ್ಕೆ ಮೂರನೆಯ ಕಾರಣವೊಂದು ಸೇರಿಕೊಂಡಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ಮಾತ್ರ ರಾಜ್ಯ ಸರ್ಕಾರಕ್ಕಿದ್ದು, ಸುಪ್ರೀಂ ಕೋರ್ಟು 2005ರಲ್ಲಿ ಅದನ್ನು ಎತ್ತಿಹಿಡಿಯಿತು. ಅವಿಯಲ್, ಮದರ್‌ಜೇನ್‌ನಂತಹ ತಂಡಗಳನ್ನು ಬೆಳೆಸಿದ ತಿರುವನಂತಪುರ ಮತ್ತು ಕೊಚ್ಚಿಯ ಬ್ಯಾಂಡ್ ಸಂಗೀತದ ಅಭಿಮಾನಿಗಳು ವೇದಿಕೆ ಬರಿದಾದ ಮೇಲೂ ಒಂದು ಹಾಡು ಉಳಿದಿದೆ ಎಂದು ನಂಬಿ ನಿಲ್ಲುವುದು ಆ ಸಂಗೀತದ ರೂಢಿಗೆ ಸಹಜವಾದದ್ದೇ. ಮಂಗಳ ಅಲ್ಲಿ ಇರುವುದಿಲ್ಲ, ಆದ್ದರಿಂದ ಮುಗಿಯಿತೆಂದು ಹೇಳುವವರೂ ಇರುವುದಿಲ್ಲ. ಗಡಿಯಾರ ಹತ್ತು ಮುಟ್ಟಿದಾಗ ದನಿ ಕಡಿದುಹೋದರೆ ಅವರಿಗೆ ಅದು ಅರ್ಧಕ್ಕೆ ನಿಂತದ್ದಾಗಿಯೇ ತೋರುತ್ತದೆ. ಅವರ ಅಸಮಾಧಾನ ನ್ಯಾಯವಾದದ್ದು. ನವರಾತ್ರಿ ಮಂಟಪದ ಕೇಳುಗರಿಗೆ 8.30ರ ಗಡಿ ಮೊದಲೇ ಗೊತ್ತಿರುತ್ತದೆ, ಮೇಳಪ್ರಿಯರಿಗೆ ಐದನೆಯ ಕಾಲ ಗೊತ್ತಿರುತ್ತದೆ. ಟಿಕೆಟ್ ಕೊಂಡ ಯುವಜನರಿಗೂ ಆ ತಿಳಿವಳಿಕೆ ಸಲ್ಲಬೇಕು. ಸಂಘಟಕರು ಮುಕ್ತಾಯದ ಹೊತ್ತನ್ನು ಟಿಕೆಟ್ಟಿನ ಮೇಲೆಯೇ ಅಚ್ಚುಹಾಕಲಿ, ಕೊನೆಯ ಹಾಡು ಇದೇ ಎಂಬುದನ್ನು ಕಲಾವಿದರು ವೇದಿಕೆಯಿಂದಲೇ ತಿಳಿಸಲಿ, ಜನರ ಮೆಚ್ಚಿನ ಹಾಡಿಗೆ ಆ ಹೊತ್ತಿನ ಒಳಗೇ ಜಾಗವಿಡಲಿ.