ಮಕ್ಕಳಲ್ಲಿ ಶ್ವಾಸಕೋಶದ ಅಭಿಧಮನಿ ಕಿರಿದಾದರೆ: ಚಿಕಿತ್ಸೆ ಏನು? ಪೋಷಕರು ಏನನ್ನು ಗಮನಿಸಬೇಕು?

ಹೃದಯದ ಆಪರೇಷನ್ ಆಗಿ ಮನೆಗೆ ಬಂದ ಮಗು ಕೆಲವು ವಾರಗಳ ನಂತರ ಮತ್ತೆ ವೇಗವಾಗಿ ಉಸಿರಾಡಲು ಶುರು ಮಾಡಿದರೆ ಅದನ್ನು ಬರೀ ನೆಗಡಿ, ಕಫ ಎಂದು ಬಿಡಬೇಡಿ. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳು ಕಿರಿದಾಗುತ್ತಿರುವುದೂ ಇದಕ್ಕೆ ಕಾರಣವಾಗಿರಬಹುದು. ವೈದ್ಯರು ಇದನ್ನು ಪಲ್ಮನರಿ ವೇನ್ ಸ್ಟೆನೋಸಿಸ್ ಎನ್ನುತ್ತಾರೆ. ಇದು ಅಪರೂಪದ, ಆದರೆ ಗಂಭೀರವಾದ ಸಮಸ್ಯೆ. ಬೇಗ ಪತ್ತೆಯಾದರೆ ಚಿಕಿತ್ಸೆಗೆ ಹೆಚ್ಚು ದಾರಿಗಳಿರುತ್ತವೆ.

ಏನಿದು ಸಮಸ್ಯೆ?

ಶ್ವಾಸಕೋಶದಲ್ಲಿ ಆಮ್ಲಜನಕ ಪಡೆದ ರಕ್ತ ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳ ಮೂಲಕ ಹೃದಯದ ಎಡ ಹೃತ್ಕರ್ಣಕ್ಕೆ ಬರುತ್ತದೆ. ಶಾಲಾ ಪುಸ್ತಕಗಳಲ್ಲಿ ಇವನ್ನು ಪುಪ್ಪುಸಕ ಅಭಿಧಮನಿ ಎಂದು ಓದಿರುತ್ತೀರಿ. ಈ ನಾಳದ ಒಳಗೋಡೆಯಲ್ಲಿ ಜೀವಕೋಶಗಳು ಅತಿಯಾಗಿ ಬೆಳೆದು ಗೋಡೆ ದಪ್ಪವಾದಾಗ ರಕ್ತದ ದಾರಿ ಕಿರಿದಾಗುತ್ತದೆ. ಆಗ ರಕ್ತ ಶ್ವಾಸಕೋಶದಲ್ಲೇ ಕಟ್ಟಿಕೊಂಡು ಅಲ್ಲಿ ನೀರು ತುಂಬುತ್ತದೆ, ಒತ್ತಡ ಏರುತ್ತದೆ, ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ.

ಯಾವ ಮಕ್ಕಳಿಗೆ ಅಪಾಯ ಹೆಚ್ಚು?

ಟಿಎಪಿವಿಸಿ ಎಂಬ ಜನ್ಮಜಾತ ದೋಷದಲ್ಲಿ ಈ ನಾಳಗಳು ಹೃದಯದ ಎಡಭಾಗದ ಬದಲು ಬಲಭಾಗದ ಕಡೆಗೆ ಸೇರಿಕೊಂಡಿರುತ್ತವೆ. ಇದನ್ನು ಆಪರೇಷನ್‌ನಿಂದ ಸರಿಪಡಿಸಿದ ನೂರು ಮಕ್ಕಳಲ್ಲಿ ಸುಮಾರು 10ರಿಂದ 15 ಮಕ್ಕಳಿಗೆ ನಾಳ ಮತ್ತೆ ಕಿರಿದಾಗಬಹುದು. ಹೆಚ್ಚಾಗಿ ಇದು ಮೊದಲ ಆರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿ, ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವ ಶಿಶುಗಳಲ್ಲೂ ಈ ಸಮಸ್ಯೆ ಬರಬಹುದು. ಕೆಲವೊಮ್ಮೆ ಯಾವ ಆಪರೇಷನ್ ಆಗದ ಮಕ್ಕಳಲ್ಲೂ ಇದು ಕಂಡುಬರುತ್ತದೆ.

ಲಕ್ಷಣಗಳು

- ವೇಗದ ಉಸಿರಾಟ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುವುದು
- ಹಾಲು ಕುಡಿಯುವಾಗ ಸುಸ್ತು, ಬೆವರು
- ತೂಕ ಏರದಿರುವುದು
- ತುಟಿ, ಉಗುರು ನೀಲಿಯಾಗುವುದು
- ಪದೇ ಪದೇ ನ್ಯುಮೋನಿಯಾ ಎಂದು ಆಸ್ಪತ್ರೆ ಸೇರುವುದು
- ದೊಡ್ಡ ಮಕ್ಕಳಲ್ಲಿ ಕೆಮ್ಮಿನ ಜೊತೆ ರಕ್ತ

ಹೇಗೆ ಪತ್ತೆ ಮಾಡುತ್ತಾರೆ?

ಮೊದಲ ಪರೀಕ್ಷೆ ಎಕೋ. ಅದರಲ್ಲಿ ಡಾಪ್ಲರ್ ಮೂಲಕ ಪ್ರತಿ ನಾಳದಲ್ಲಿ ರಕ್ತ ಹರಿಯುವ ವೇಗವನ್ನು ನೋಡುತ್ತಾರೆ. ಸಂಶಯ ಬಂದರೆ ಸಿಟಿ ಆಂಜಿಯೋಗ್ರಾಂ ಮಾಡಿ ಯಾವ ನಾಳ, ಎಲ್ಲಿ, ಎಷ್ಟು ಕಿರಿದಾಗಿದೆ ಎಂದು ತಿಳಿಯುತ್ತಾರೆ. ಒತ್ತಡವನ್ನು ನೇರವಾಗಿ ಅಳೆಯಲು ಕ್ಯಾತಿಟರ್ ಪರೀಕ್ಷೆ ಬೇಕಾಗುತ್ತದೆ. ಹೆಚ್ಚು ನಾಳಗಳು ಕಿರಿದಾಗಿದ್ದಷ್ಟೂ, ಮಗು ಚಿಕ್ಕದಿದ್ದಷ್ಟೂ ಚಿಕಿತ್ಸೆ ಕಷ್ಟ.

ಚಿಕಿತ್ಸೆಗಳು

*ಶಸ್ತ್ರಚಿಕಿತ್ಸೆ:* 1990ರ ದಶಕದಿಂದ ಸೂಚರ್‌ಲೆಸ್ ಎಂಬ ವಿಧಾನ ಬಳಕೆಯಲ್ಲಿದೆ. ಹೆಸರು ಹಾಗಿದ್ದರೂ ಹೊಲಿಗೆಯೇ ಇಲ್ಲವೆಂದಲ್ಲ. ನಾಳದ ಕಿರಿದಾದ ಭಾಗವನ್ನು ತೆರೆದು, ಅದರ ಅಂಚಿಗೆ ಹೊಲಿಗೆ ಹಾಕದೆ, ಸುತ್ತಲಿನ ಹೃದಯದ ಹೊರಪೊರೆಯನ್ನು ಹೃತ್ಕರ್ಣಕ್ಕೆ ಹೊಲಿಯುತ್ತಾರೆ. ನಾಳದ ಅಂಚಿಗೆ ಗಾಯ ಕಡಿಮೆಯಾದರೆ ಅದು ಮತ್ತೆ ದಪ್ಪವಾಗುವ ಸಾಧ್ಯತೆಯೂ ಕಡಿಮೆ.

*ಬಲೂನ್ ಮತ್ತು ಸ್ಟೆಂಟ್:* ತೊಡೆಯ ರಕ್ತನಾಳದ ಮೂಲಕ ತೆಳುವಾದ ಕೊಳವೆ ಕಳುಹಿಸಿ, ಬಲೂನ್ ಊದಿ ನಾಳವನ್ನು ಅಗಲಿಸುತ್ತಾರೆ. ಬಲೂನ್ ಮಾತ್ರ ಬಳಸಿದರೆ ಕೆಲವೇ ವಾರ ಅಥವಾ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುವುದು ಸಾಮಾನ್ಯ. ಸ್ಟೆಂಟ್ ಹಾಕಿದರೆ, ಅದರಲ್ಲೂ 7 ಮಿ.ಮೀ. ಅಥವಾ ಹೆಚ್ಚು ಅಗಲದ್ದಾದರೆ, ಹೆಚ್ಚು ಕಾಲ ತೆರೆದಿರುತ್ತದೆ. ಆದರೆ ಮಗು ಬೆಳೆದ ಹಾಗೆ ಸ್ಟೆಂಟ್ ಬೆಳೆಯುವುದಿಲ್ಲ, ಮತ್ತೆ ಅಗಲಿಸಬೇಕಾಗುತ್ತದೆ. ಆದ್ದರಿಂದ ಹಲವು ಬಾರಿ ಕ್ಯಾಥ್ ಲ್ಯಾಬ್‌ಗೆ ಹೋಗಬೇಕಾಗಬಹುದು. ಇದನ್ನು ಚಿಕಿತ್ಸೆ ವಿಫಲವಾಯಿತು ಎಂದು ತಿಳಿಯಬೇಡಿ. ಚಿಕಿತ್ಸೆಯ ಕ್ರಮವೇ ಹೀಗೆ.

*ಔಷಧ:* ಜೀವಕೋಶಗಳ ಅತಿ ಬೆಳವಣಿಗೆಯನ್ನು ತಡೆಯಲು ಸಿರೊಲಿಮಸ್, ಇಮಾಟಿನಿಬ್‌ನಂತಹ ಔಷಧಗಳನ್ನು ಕೆಲವು ಕೇಂದ್ರಗಳಲ್ಲಿ ಬಲೂನ್ ಅಥವಾ ಆಪರೇಷನ್ ಜೊತೆಗೆ ಕೊಡುತ್ತಾರೆ. ಅಮೆರಿಕದ ಬಾಸ್ಟನ್ ಮತ್ತು ಅಟ್ಲಾಂಟಾದ ಮಕ್ಕಳ ಆಸ್ಪತ್ರೆಗಳ ಅನುಭವ ಭರವಸೆ ಮೂಡಿಸಿದೆ. ಆದರೂ ಇದು ಎಲ್ಲ ಮಕ್ಕಳಿಗೆ ಒಪ್ಪಿತವಾದ ಸಾಮಾನ್ಯ ಚಿಕಿತ್ಸೆ ಇನ್ನೂ ಆಗಿಲ್ಲ. ಸಿರೊಲಿಮಸ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗಾಗಿ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡುತ್ತಿರಬೇಕು.

*ಎಚ್ಚರಿಕೆ:* ಶ್ವಾಸಕೋಶದ ಒತ್ತಡ ಇಳಿಸುವ ಸಿಲ್ಡೆನಾಫಿಲ್‌ನಂತಹ ಔಷಧ, ಮುಂದಿನ ನಾಳ ಕಟ್ಟಿದ್ದಾಗ ಶ್ವಾಸಕೋಶದಲ್ಲಿ ನೀರು ಹೆಚ್ಚಿಸಬಹುದು. ಬೇರೆ ಮಗುವಿಗೆ ಕೊಟ್ಟ ಔಷಧವನ್ನು ನಿಮ್ಮ ಮಗುವಿಗೆ ಕೊಡಬೇಡಿ.

*ಶ್ವಾಸಕೋಶ ಕಸಿ:* ಬೇರೆ ದಾರಿ ಉಳಿಯದಿದ್ದಾಗ ಮಾತ್ರ ಯೋಚಿಸುವ ಕೊನೆಯ ಆಯ್ಕೆ.

ಮನೆಯಲ್ಲಿ ನೀವು ಮಾಡಬೇಕಾದ್ದು

- ಮಗು ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚಿದ್ದರೆ ವೈದ್ಯರಿಗೆ ತಕ್ಷಣ ತಿಳಿಸಿ. ತುಟಿ ನೀಲಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.
- ತೂಕವನ್ನು ಬರೆದಿಡಿ.
- ಮಗು ಲವಲವಿಕೆಯಿಂದಿದ್ದರೂ ಎಕೋ ದಿನಾಂಕ ತಪ್ಪಿಸಬೇಡಿ.
- ಸಿರೊಲಿಮಸ್ ಕೊಡುತ್ತಿದ್ದರೆ ಚಕ್ಕೋತ ಹಣ್ಣು ಬೇಡ. ದಡಾರದಂತಹ ಜೀವಂತ ಲಸಿಕೆ ಹಾಕಿಸುವ ಮೊದಲು ಹೃದಯ ತಜ್ಞರನ್ನು ಕೇಳಿ.
- ಆಪರೇಷನ್ ವರದಿ, ಸ್ಟೆಂಟ್ ಅಳತೆ, ಸಿಟಿ ಸಿಡಿಗಳನ್ನು ಒಂದೇ ಫೈಲಿನಲ್ಲಿಡಿ. ಊರಿಗೆ ಹೋಗುವಾಗಲೂ ಅದು ಜೊತೆಗಿರಲಿ.

ಖರ್ಚಿನ ಚಿಂತೆಯಿದ್ದರೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮಜಾತ ಹೃದಯ ದೋಷಗಳನ್ನು ಒಳಗೊಂಡಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಈ ಮೂರು ಪ್ರಶ್ನೆ ಕೇಳಿ: ಎಷ್ಟು ನಾಳಗಳು ಕಿರಿದಾಗಿವೆ? ಮುಂದಿನ ಎಕೋ ಯಾವಾಗ? ಯಾವ ಲಕ್ಷಣ ಕಂಡರೆ ಆ ದಿನಾಂಕದವರೆಗೆ ಕಾಯಬಾರದು?