ಅನಂತವಾತ ಮತ್ತು ಮುಖದ ನರಶೂಲೆ: ಒಂದು ಸಮೀಕರಣದ ಮರುಪರಿಶೀಲನೆ

ಸುಶ್ರುತ ಸಂಹಿತೆಯ ಉತ್ತರತಂತ್ರ ಎಣಿಸುವ 11 ಶಿರೋರೋಗಗಳಲ್ಲಿ ಅನಂತವಾತವೂ ಒಂದು. ಇಂದಿನ ಅನೇಕ ಆಯುರ್ವೇದ ಪಠ್ಯಗಳು ಅದರ ಪಕ್ಕದಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರಶೂಲೆ) ಎಂದು ಬರೆದು ಮುಂದೆ ಸಾಗುತ್ತವೆ. ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂದ ಈ ಸಮೀಕರಣ ಮೂಲಪಾಠದ ಎದುರು ನಿಲ್ಲುವುದಿಲ್ಲ.

25ನೆಯ ಅಧ್ಯಾಯದ ಪ್ರಕಾರ, ಕೆರಳಿದ ಮೂರೂ ದೋಷಗಳು ಮನ್ಯೆಯನ್ನು (ಕುತ್ತಿಗೆಯ ಪಕ್ಕವನ್ನು) ಪೀಡಿಸಿ ಹೆಡಕಿನಲ್ಲಿ ತೀವ್ರ ನೋವನ್ನು ಎಬ್ಬಿಸುತ್ತವೆ. ನೋವು ಬೇಗನೆ ಕಣ್ಣು, ಹುಬ್ಬು, ಕಣತಲೆಗಳಲ್ಲಿ ನೆಲೆಯೂರುತ್ತದೆ. ಕೆನ್ನೆಯ ಪಕ್ಕ ಅದುರುತ್ತದೆ, ದವಡೆ ಹಿಡಿದುಕೊಳ್ಳುತ್ತದೆ, ಕಣ್ಣಿನ ರೋಗಗಳೂ ತಲೆದೋರುತ್ತವೆ. ಸಮೀಕರಣದ ಬೆಂಬಲಿಗರು ಕೆನ್ನೆ, ದವಡೆಗಳನ್ನು ಹಿಡಿದುಕೊಂಡು ಹೆಡಕನ್ನು ಕೈಬಿಟ್ಟಿದ್ದಾರೆ. ಟ್ರೈಜೆಮಿನಲ್ ನರದ ಕವಲುಗಳು ಹಣೆ, ಕೆನ್ನೆ, ದವಡೆಗಳಿಗೆ ಹೋಗುತ್ತವೆಯೇ ಹೊರತು ಹೆಡಕಿಗಲ್ಲ.

ಕಾಲಮಾನವೂ ಹೊಂದುವುದಿಲ್ಲ. ಮುಖದ ನರಶೂಲೆಯ ಒಂದೊಂದು ಹೊಡೆತ ಕ್ಷಣಾರ್ಧದಿಂದ 2 ನಿಮಿಷದೊಳಗೆ ಮುಗಿಯುತ್ತದೆ. ಅಗಿಯುವುದು, ಮಾತಾಡುವುದು, ಮುಖ ತೊಳೆಯುವುದು, ತಂಗಾಳಿ ಸೋಕುವುದು ಇಷ್ಟೇ ಅದನ್ನು ಎಬ್ಬಿಸಲು ಸಾಕು. ಸುಶ್ರುತದಲ್ಲಿ ಇದರ ಸುಳಿವಿಲ್ಲ. ಸೂತ್ರರೂಪದ ಪಾಠದಲ್ಲಿ ಮೌನ ಸಹಜ ಎನ್ನಬಹುದು (ಎನ್ನುತ್ತಲೂ ಇದ್ದಾರೆ). ಆದರೆ ಸೂರ್ಯಾವರ್ತವೆಂಬ ಶಿರೋರೋಗದ ನೋವು ಸೂರ್ಯನೊಡನೆ ಏರಿ ಇಳಿಯುವುದನ್ನೂ ಅರ್ಧಾವಭೇದಕ (ಅರ್ಧ ತಲೆನೋವು) ಹತ್ತು ದಿನಕ್ಕೋ ಪಕ್ಷಕ್ಕೋ ಮರುಕಳಿಸುವುದನ್ನೂ ದಾಖಲಿಸಿದ್ದು ಇದೇ ಅಧ್ಯಾಯ. ಕಾಲವನ್ನು ಇಷ್ಟು ನಿಗಾ ಇಟ್ಟು ನೋಡಿದವರು ಮಿಂಚಿನಂಥ ನೋವನ್ನು ಕಂಡೂ ಬಿಟ್ಟರೆಂದು ನಂಬುವುದು ಕಷ್ಟ. ಮುಂದಿನ ಅಧ್ಯಾಯವಂತೂ ಅನಂತವಾತಕ್ಕೆ ಸೂರ್ಯಾವರ್ತದ ಚಿಕಿತ್ಸೆಯನ್ನೇ ಹೇಳಿ, ಸಿರಾವ್ಯಧವನ್ನೂ (ರಕ್ತನಾಳ ಚುಚ್ಚಿ ರಕ್ತ ತೆಗೆಯುವುದನ್ನೂ) ಸಂಯಾವ, ಘೃತಪೂರದಂಥ ಭಕ್ಷ್ಯಗಳನ್ನೂ ಸೇರಿಸುತ್ತದೆ. ಭಕ್ಷ್ಯಗಳ ಆಯ್ಕೆ ದೋಷಸಿದ್ಧಾಂತದಿಂದ ಬಂದದ್ದು, ನಿಜ. ಆದರೂ ತುತ್ತು ಬಾಯಿಗಿಡಲು ಹೆದರುವ ರೋಗಿ ಅಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹೆಡಕಿನಿಂದ ಹುಬ್ಬಿಗೆ ಹರಿಯುವ ನೋವಿಗೆ ಬೇರೆ ವಿವರಣೆ ಇದೆ. ಕುತ್ತಿಗೆಯ ಮೇಲ್ಭಾಗದ ನರಗಳೂ ಟ್ರೈಜೆಮಿನಲ್ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ನರಕೋಶಗಳ ಗುಂಪಿಗೆ ಸಂಕೇತ ಕಳಿಸುತ್ತವೆ. ಹೀಗಾಗಿ ಕುತ್ತಿಗೆಯ ತೊಂದರೆ ಕಣ್ಣಿನ ಹಿಂದಿನ ನೋವಾಗಿ ಅನುಭವಕ್ಕೆ ಬರಬಹುದು. ಅನಂತವಾತ ಕುತ್ತಿಗೆಯಿಂದ ಹುಟ್ಟುವ ಇಂಥ ನೋವುಗಳಿಗೆ ಹತ್ತಿರ. ದವಡೆಯ ಹಿಡಿತ ಮಾತ್ರ ಇಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಒಂದು ಹಳೆಯ ಹೆಸರಿಗೆ ಒಂದೇ ಹೊಸ ಹೆಸರು ಸಿಗಲೇಬೇಕೆಂಬ ಹಟವನ್ನೇ ಬಿಡುವುದು ಲೇಸು.

ಗ್ರೀಕ್ ವೈದ್ಯ ಅರೇಟಿಯಸ್‌ನ ವಿಷಯದಲ್ಲೂ ಇದೇ ಆಗಿದೆ. ಮುಖ ಸೊಟ್ಟಗಾಗುವುದನ್ನು ಅವನು ಹೇಳಿದ್ದರಿಂದ ಮುಖದ ನರಶೂಲೆಯ ಮೊದಲ ವರ್ಣನೆಯ ಶ್ರೇಯ ಅವನಿಗೆ ಸಂದಿತು. ಪಿತ್ತದ ವಾಂತಿ, ಬೆಳಕಿನ ಭಯ ಸೇರಿದ ಆ ಚಿತ್ರ ಮೈಗ್ರೇನಿನದು. ನಿಸ್ಸಂದೇಹವಾದ ವರ್ಣನೆ ಬೇಕಿದ್ದರೆ 1677ರ ಪ್ಯಾರಿಸ್‌ಗೆ ಬರಬೇಕು: ಇಂಗ್ಲಿಷ್ ರಾಯಭಾರಿಯ ಪತ್ನಿಗೆ ಚಿಕಿತ್ಸೆ ನೀಡಿದ ತತ್ತ್ವಜ್ಞಾನಿ, ವೈದ್ಯ ಜಾನ್ ಲಾಕ್, ಮಾತಾಡಿದರೆ, ಒಸಡು ಮುಟ್ಟಿದರೆ ಮುಖದೊಳಗೆ ಬೆಂಕಿ ಹಾಯುವಂಥ ನೋವನ್ನು ಪತ್ರಗಳಲ್ಲಿ ದಾಖಲಿಸಿದ. ವೈದ್ಯರಾದ ನಿಕೊಲಾ ಆಂಡ್ರೆ 1756ರಲ್ಲಿ, ಜಾನ್ ಫೊದರ್‌ಗಿಲ್ 1773ರಲ್ಲಿ ಇದಕ್ಕೆ ಪ್ರತ್ಯೇಕ ರೋಗದ ಸ್ಥಾನ ಕೊಟ್ಟರು.

ಇಂದಿನ ಚಿಕಿತ್ಸೆಯೂ ಮುಖದ ನೋವು, ಹೆಡಕಿನ ನೋವು ಎಂಬ ಈ ಭೇದವನ್ನೇ ಅನುಸರಿಸುತ್ತದೆ. ಮುಖದ ನರಶೂಲೆಗೆ 1962ರಿಂದ ಬಳಕೆಗೆ ಬಂದ ಕಾರ್ಬಮಜೆಪಿನ್ ಮೊದಲ ಮದ್ದು. ಅದು ಸಾಲದಾದಾಗ, ನರದ ಬುಡವನ್ನು ಒತ್ತುವ ರಕ್ತನಾಳವನ್ನು ಶಸ್ತ್ರಚಿಕಿತ್ಸೆಯಿಂದ ಸರಿಸಲಾಗುತ್ತದೆ. ಹೆಡಕಿನ ನರಶೂಲೆಯಲ್ಲಿ ಅಲ್ಲಿನ ನರದ ಸುತ್ತ ಕೊಡುವ ಅರಿವಳಿಕೆ ಚುಚ್ಚುಮದ್ದು ನೋವನ್ನು ತಗ್ಗಿಸುತ್ತದೆ, ರೋಗನಿರ್ಣಯಕ್ಕೂ ನೆರವಾಗುತ್ತದೆ.